ಕಪ್ಪಿಯ ಹೆಗಲ ಮೇಲಿನ ಕೀಲೆಣ್ಣೆ

ಬೀದಿಯ ತುದಿಯ ಕುದುರೆಲಾಯ ಖಾಲಿಯಾಗಿ ಅಂದಿಗೆ ಇಪ್ಪತ್ತನಾಲ್ಕು ದಿನ. ಆದರೂ ಗಾಡಿಯವನ ಹೆಂಡತಿ ಬೆಳಗಾದರೆ ಬಕೆಟ್ಟಿಗೆ ನೀರು ತುಂಬಿ ಲಾಯದ ಬಾಗಿಲವರೆಗೆ ತಂದುಬಿಡುತ್ತಿದ್ದಳು. ಆಮೇಲೆ ನೆನಪಾಗಿ ಅಲ್ಲೇ ಇಟ್ಟು ಒಳಗೆ ಹೋಗುತ್ತಿದ್ದಳು.

ನನ್ನದು ಸರ್ಕಾರಿ ಕಚೇರಿಯ ಎದುರಿಗೆ ಟೈಪಿಂಗ್ ಅಂಗಡಿ. ಇಡೀ ಬೀದಿಗೆ ನಾನು ಅಕ್ಕ. ಅರ್ಜಿ ಬರೆಸಲು ಬಂದವರನ್ನು ಬೈಯದೆ ಕಳಿಸಿದ್ದು ಕಡಿಮೆ. ಆ ಮಧ್ಯಾಹ್ನ ಮೂರೂವರೆಗೆ ಗಾಡಿಯವ ಹೆಂಡತಿಯ ಜೊತೆ ಬಂದ. ಎಷ್ಟೋ ದಿನದ ಮೇಲೆ ಅವನ ಮುಖದಲ್ಲಿ ನಗು ಕಂಡಿತು.

"ಅಕ್ಕ, ಪ್ರಾಣಿಗಳ ಕಾನೂನನ್ನ ಕೋರ್ಟು ಹೊಡೆದು ಹಾಕ್ತಂತೆ. ಇನ್ನು ಕಪ್ಪೀನ ಬಿಡಲೇಬೇಕು. ಒಂದು ಅರ್ಜಿ ಟೈಪ್ ಮಾಡ್ಕೊಡು, ಈಗ್ಲೇ ಹೋಗಿ ಹಿಡ್ಕೊಂಡ್ ಬರ್ತೀನಿ."

ಕಪ್ಪಿ ಅಂದರೆ ಅವನ ಕರಿ ಕುದುರೆ. ಹತ್ತು ವರ್ಷದಿಂದ ಇಟ್ಟಿಗೆ ಗಾಡಿ ಎಳೆದು ಆ ಮನೆಯನ್ನು ಸಾಕಿದವಳು. ಹೆಗಲ ಮೇಲೆ ಗಾಯ ಇದೆ ಎಂದು ಇನ್ಸ್‌ಪೆಕ್ಟರು ನಡುರಸ್ತೆಯಲ್ಲೇ ಗಾಡಿ ಬಿಚ್ಚಿಸಿ, ಅವಳನ್ನು ಸರ್ಕಾರಿ ದೊಡ್ಡಿಗೆ ಕೂಡಿಸಿದ್ದರು.

"ಮೊದಲು ಕೂತ್ಕೋ. ಅರ್ಧಂಬರ್ಧ ಕೇಳ್ಕೊಂಡು ಬಂದಿದೀಯ" ಎಂದೆ. "ತೀರ್ಪು ಬಂದು ತಿಂಗಳಾಯ್ತು, ಆದ್ರೆ ಕಾನೂನು ಪೂರ್ತಿ ಬಿದ್ದಿಲ್ಲ. ಪ್ರಾಣಿಗೆ ಹಿಂಸೆ ಕೊಡಬಾರದು ಅನ್ನೋದು ಹಾಗೇ ಇದೆ. ಹಿಡಿದ ಪ್ರಾಣೀನ ಯಜಮಾನನ ಒಂದು ಮಾತೂ ಕೇಳದೆ ಬೇರೆಯವರಿಗೆ ಕೊಟ್ಟುಬಿಡಬಹುದು ಅಂತ ಒಂದು ಕಲಂ ಇತ್ತಲ್ಲ, ಅದು ಸಂವಿಧಾನಕ್ಕೆ ವಿರುದ್ಧ ಅಂದಿದೆ ಕೋರ್ಟು. ತಿದ್ದುಪಡಿ ಮಾಡಿ ಅಂತ ಸರ್ಕಾರಕ್ಕೆ ಗಡುವು ಕೊಟ್ಟಿದೆ. ಅಲ್ಲೀವರೆಗೂ ಪ್ರಾಣಿಗಳನ್ನ ಯಾರಿಗೂ ಕೊಡೋ ಹಾಗಿಲ್ಲ, ಬಿಡೋ ಹಾಗೂ ಇಲ್ಲ."

ಅವನ ನಗು ಅಲ್ಲಿಗೇ ನಿಂತಿತು.

"ಅವಳು ಮೇವು ಮುಟ್ತಾ ಇಲ್ಲ ಅಕ್ಕ" ಎಂದಳು ಹೆಂಡತಿ. "ನಿನ್ನೆ ಬೇಲಿ ಆಚೆಯಿಂದ ನೋಡಿದೆ. ಪಕ್ಕೆಲುಬು ಎಣಿಸಬಹುದು. ಸಾಕ್ಷಿ ಅಂತೆ, ಯಾರೂ ಮುಟ್ಟಬಾರದಂತೆ. ಮೈ ತೊಳೆಯೋಕೂ ಬಿಡಲ್ಲ."

ನಾನು ಬೆಳಿಗ್ಗೆ ಜೆರಾಕ್ಸ್ ಮಾಡಿಟ್ಟಿದ್ದ ಕಾಗದವನ್ನು ಮುಂದಿಟ್ಟೆ. ತಿದ್ದುಪಡಿಯ ಕರಡು ಅದು. ಮೂರು ವಾರದಿಂದ ಎದುರಿನ ಕಚೇರಿಯ ಗೋಡೆಯ ಮೇಲಿತ್ತು. ಅದರ ಪಕ್ಕದಲ್ಲೇ ದಿನಾ ಗಾಡಿ ನಿಲ್ಲಿಸಿ ಬೀಡಿ ಸೇದುವವರು ಹತ್ತು ಜನ, ಓದಿದವರು ಒಬ್ಬರೂ ಇಲ್ಲ. ನನಗೆ ಸಿಟ್ಟು ಬರುವುದು ಇದಕ್ಕೇ.

"ನೋಡು. ಯಜಮಾನನ ಮಾತು ಕೇಳಬೇಕು ಅಂತ ಸೇರಿಸಿದಾರೆ. ಆದ್ರೆ ಮೂವತ್ತು ದಿನದ ಒಳಗೆ ಅಂತ ಇದೆ. ಡಾಕ್ಟರು ನೋಡಬೇಕು ಅಂತ ಎಲ್ಲೂ ಇಲ್ಲ. ಇದು ಹೀಗೇ ಪಾಸಾದ್ರೆ ಕಪ್ಪಿ ಇನ್ನೂ ಒಂದು ತಿಂಗಳು ಅಲ್ಲೇ. ಸಾರ್ವಜನಿಕರು ಆಕ್ಷೇಪಣೆ, ಸಲಹೆ ಬರೆದುಕೊಡಬಹುದು. ಇವತ್ತು ಸಂಜೆ ಐದಕ್ಕೆ ಕೊನೆ."

"ನಮ್ಮಂಥೋರು ಬರೆದಿದ್ದನ್ನ ಓದೋರು ಯಾರು? ಕಸದ ಬುಟ್ಟಿಗೆ ಹೋಗುತ್ತೆ."

"ಓದ್ತಾರೋ ಬಿಡ್ತಾರೋ ಆಮೇಲೆ. ಬರೆಯದೆ ಇದ್ರೆ ಓದೋಕೇ ಏನೂ ಇರಲ್ಲ. ನೀನು ಹೇಳು, ನಾನು ಟೈಪ್ ಮಾಡ್ತೀನಿ. ಅವಳ ಹೆಗಲ ಮೇಲೆ ಏನಿತ್ತು?"

ಅವನು ಹೆಂಡತಿಯ ಕಡೆ ನೋಡಿದ. ಅವಳೇ ಬಾಯಿಬಿಟ್ಟಳು.

"ಕೀಲೆಣ್ಣೆ."

ವಿಷಯ ಇಷ್ಟು. ಗಾಡಿಗೆ ಕಟ್ಟುವ ಹೆಗಲ ಪಟ್ಟಿ ಉಜ್ಜಿ ಉಜ್ಜಿ ಗಾಯವಾಗಿ ಮಾಗಿದ ಜಾಗದಲ್ಲಿ ಕುದುರೆಗೆ ಬಿಳಿ ಕೂದಲು ಬರುತ್ತದೆ. ಕರಿ ಕುದುರೆಯಲ್ಲಿ ಅದು ದೂರಕ್ಕೇ ಕಾಣುತ್ತದೆ. ಗಾಯದ ಕುದುರೆ ಎಂದು ಗಿರಾಕಿಗಳು ಮುಖ ತಿರುಗಿಸುತ್ತಾರೆ. ಅದಕ್ಕೆ ನಮ್ಮ ಗಾಡಿಯವರು ಚಕ್ರದ ಕೀಲಿಗೆ ಹಚ್ಚುವ ಕರಿ ಎಣ್ಣೆಯನ್ನೇ ಬಳಿದು ಮುಚ್ಚುತ್ತಾರೆ. ಇನ್ಸ್‌ಪೆಕ್ಟರು ಕಂಡದ್ದು ಬಿಳಿ ಕೂದಲನ್ನಲ್ಲ, ಎಣ್ಣೆ ಬಳಿದು ಮುಚ್ಚಿಟ್ಟದ್ದನ್ನು; ಅಡಿಯಲ್ಲಿ ಗಾಯವಿದೆ ಎಂದುಕೊಂಡರು.

"ಇದನ್ನೇ ಬರೀಬೇಕು" ಎಂದೆ. "ಕಣ್ಣಿಗೆ ಕಂಡಿದ್ದು ಮೋಸ ಮಾಡುತ್ತೆ, ಅದಕ್ಕೇ ಮೂರು ದಿನದ ಒಳಗೆ ಯಜಮಾನನ ಎದುರಿಗೇ ಡಾಕ್ಟರು ಪರೀಕ್ಷೆ ಮಾಡಬೇಕು ಅಂತ."

"ನನ್ನ ಕೈಯಾರೆ ತಪ್ಪು ಒಪ್ಕೊಂಡು ಬರ್ಕೊಡ್ಲಾ? ಕೇಸು ಗಟ್ಟಿಯಾದ್ರೆ?"

"ಆಗಬಹುದು. ಸುಳ್ಳು ಭರವಸೆ ನನ್ನ ಹತ್ರ ಸಿಗಲ್ಲ."

ಅವನು ಎದ್ದು ಹೊರಗೆ ಹೋಗಿಯೇಬಿಟ್ಟ. ಗೋಡೆಯ ಗಡಿಯಾರದಲ್ಲಿ ನಾಲ್ಕೂ ಹತ್ತು. ಹೆಂಡತಿ ಜಾಗ ಬಿಟ್ಟು ಏಳಲಿಲ್ಲ. ನಾನು ಅವಳ ಮುಖ ನೋಡುವುದು, ಅವಳು ಬಾಗಿಲು ನೋಡುವುದು. ನಾಲ್ಕೂವರೆಯೂ ಆಯಿತು. ಕುದುರೆ ನನ್ನದೇನೋ ಎಂಬಂತೆ ನಾನು ಮತ್ತೆ ಮತ್ತೆ ಗಡಿಯಾರ ನೋಡಿದೆ.

ಕೊನೆಗೆ ಅವಳೇ ಹೊರಗೆ ಹೋದಳು. ಮೆಟ್ಟಿಲ ಮೇಲೆ ಕೂತಿದ್ದ ಗಂಡನಿಗೆ, "ಎಣ್ಣೆ ಹಚ್ಚಿದ್ದು ನಾವು. ಉಪವಾಸ ಬಿದ್ದಿರೋದು ಅವಳು" ಎಂದಷ್ಟೇ ಹೇಳಿದಳು.

ಅವನು ಒಳಗೆ ಬಂದು ನಿಂತುಕೊಂಡೇ ಹೇಳಿದ, ನಾನು ಟೈಪ್ ಮಾಡಿದೆ. ಒಂದೇ ಪುಟ. ಕೆಳಗೆ ಅವನು ಸಹಿ ಮಾಡಿದ. ರಸ್ತೆ ದಾಟಿದಾಗ ಐದಕ್ಕೆ ಆರು ನಿಮಿಷ. ಗುಮಾಸ್ತರು ಬೀರುವಿಗೆ ಬೀಗ ಹಾಕುತ್ತಿದ್ದರು.

"ಟೈಮಾಯ್ತು, ನಾಳೆ ಬನ್ನಿ."

"ನಾಳೆಗೆ ತಾರೀಖು ಮುಗಿದಿರುತ್ತೆ ಸಾರ್. ಗಡಿಯಾರ ನಿಮ್ಮ ತಲೆ ಮೇಲೇ ಇದೆ, ಒಂದ್ಸಲ ನೋಡಿ" ಎಂದಳು ಗಾಡಿಯವನ ಹೆಂಡತಿ. ನಮ್ಮ ಕಾಗದದ ಜೆರಾಕ್ಸ್ ಪ್ರತಿಯ ಮೇಲೆ ಸೀಲು, ತಾರೀಖು, ಸಹಿ ಬೀಳುವವರೆಗೆ ಅವಳು ಕಿಟಕಿ ಬಿಟ್ಟು ಕದಲಲಿಲ್ಲ.

ಕೋರ್ಟಿನ ಗಡುವು ಹತ್ತಿರವಿದ್ದುದರಿಂದ ಹನ್ನೊಂದೇ ದಿನದಲ್ಲಿ ತಿದ್ದುಪಡಿ ಜಾರಿಗೆ ಬಂತು. ಮೂರು ದಿನದ ಒಳಗೆ, ಯಜಮಾನನ ಎದುರಿಗೆ, ಡಾಕ್ಟರ ಪರೀಕ್ಷೆ. ನಮ್ಮ ಒಂದು ಕಾಗದದಿಂದಲೇ ಆಯಿತು ಎಂದು ನಾನು ಕೊಚ್ಚಿಕೊಳ್ಳುವುದಿಲ್ಲ. ಅಂಥ ನೂರಾರು ಕಾಗದ ಬಂದಿದ್ದವಂತೆ. ಆ ನೂರಾರರಲ್ಲಿ ನಮ್ಮದೂ ಒಂದಿತ್ತು.

ಪರೀಕ್ಷೆಯ ದಿನ ನಾನೂ ದೊಡ್ಡಿಗೆ ಹೋದೆ. ಕಪ್ಪಿ ಗಾಡಿಯವನ ದನಿ ಕೇಳಿ ಕಿವಿ ನೆಟ್ಟಗೆ ಮಾಡಿದಳು. ಡಾಕ್ಟರಮ್ಮ ಬಿಸಿನೀರು, ಸೋಪು ತಂದು ಒಣಗಿ ಹಕ್ಕಳೆಗಟ್ಟಿದ್ದ ಕೀಲೆಣ್ಣೆಯನ್ನು ಮೆಲ್ಲಗೆ ತೊಳೆದರು. ಕೆಳಗೆ ಬಿಳಿ ಕೂದಲು. ಪೂರ್ತಿ ಮಾಗಿದ ಹಳೇ ಗಾಯ.

"ನಾನು ಹೇಳಲಿಲ್ವಾ?" ಎಂದ ಗಾಡಿಯವ.

ಡಾಕ್ಟರಮ್ಮ ಇನ್ನೊಂದು ಸಲ ನೀರು ಹಾಕಿದರು. ಬಿಳಿ ಕೂದಲಿನಿಂದ ಎರಡು ಬೆರಳು ಕೆಳಗೆ, ಎಣ್ಣೆಯಡಿಯಲ್ಲಿ ಮರಳು ಸೇರಿ ಕೀವು ಕಟ್ಟಿದ ಹುಣ್ಣು. ಕಪ್ಪಿ ಮೈ ನಡುಗಿಸಿ ಹಿಂದೆ ಸರಿದಳು.

"ಇದು ಬೇರೆ, ಹಿಡಿದಾಗ್ಲೇ ಇದ್ದ ಹಸಿ ಗಾಯ. ಹಿಡಿದ ದಿನವೇ ತೊಳೆದಿದ್ರೆ ವಾರದಲ್ಲಿ ವಾಸಿಯಾಗ್ತಿತ್ತು. ಇನ್ನೂ ನಾಲ್ಕು ದಿನ ಬಿಟ್ಟಿದ್ರೆ ಮೂಳೆಗೆ ಇಳೀತಿತ್ತು" ಎಂದರು ಡಾಕ್ಟರಮ್ಮ.

ಗಾಡಿಯವ ಕುದುರೆಯ ಕುತ್ತಿಗೆಗೆ ಹಣೆಯಿಟ್ಟು ನಿಂತ. ತನ್ನ ಕೈಯಲ್ಲೇ ಹಚ್ಚಿದ ಎಣ್ಣೆಯಡಿಯಲ್ಲಿ ಏನಾಗುತ್ತಿದೆ ಎಂದು ಅವನೇ ನೋಡಿರಲಿಲ್ಲ. ನಾನು ಬೈಯುವುದನ್ನು ಬಿಟ್ಟು ಬಿಸಿನೀರಿನ ಬಕೆಟ್ಟು ಹಿಡಿದುಕೊಂಡೆ.

ಒಂದೂವರೆ ತಿಂಗಳು ಹೊರೆ ಹೊರಿಸಬಾರದು, ಪಟ್ಟಿಗೆ ಮೆತ್ತೆ ಹಾಕಿಸಬೇಕು, ವಾರಕ್ಕೊಮ್ಮೆ ತಂದು ತೋರಿಸಬೇಕು. ಹೀಗೆ ಬರೆಸಿಕೊಂಡು ಕಪ್ಪಿಯನ್ನು ಮನೆಗೆ ಬಿಟ್ಟರು. ದಾರಿಯುದ್ದಕ್ಕೂ ಅವನೇ ಹಗ್ಗ ಹಿಡಿದು ನಡೆದ. ಲಾಯದ ಹತ್ತಿರ ಬಂದಾಗ ನನ್ನ ಕಡೆ ತಿರುಗಿದ.

"ಅವಳನ್ನ ಹಿಡಿದಿದ್ದು ಸರಿಯಾಗೇ ಇತ್ತು ಅಕ್ಕ. ನನ್ನನ್ನ ಕೇಳದೆ ಇದ್ದಿದ್ದು ತಪ್ಪು. ಎರಡನ್ನೂ ಹೇಳು ನಾಲ್ಕು ಜನಕ್ಕೆ."

ಅದಕ್ಕೇ ಹೇಳುತ್ತಿದ್ದೇನೆ. ಕೋರ್ಟು ಒಂದು ಕಲಂ ತೆಗೆದುಹಾಕಿತು ಎಂದರೆ ಪ್ರಾಣಿಯನ್ನು ಹೇಗೆ ಬೇಕಾದರೂ ದುಡಿಸಬಹುದು ಎಂದಲ್ಲ. ಆ ಜಾಗದಲ್ಲಿ ಏನು ಬರಬೇಕು ಎಂದು ಹೇಳುವ ಹಕ್ಕು ನಿಮಗೂ ಇದೆ. ನಿಮ್ಮ ಕಚೇರಿಯ ಗೋಡೆಯ ಮೇಲಿನ ಕಾಗದವನ್ನು ಇವತ್ತೇ ಓದಿ, ಓದಲು ಬಾರದಿದ್ದರೆ ಓದಿಸಿಕೊಳ್ಳಿ. ನಿಮಗಾದದ್ದನ್ನು ನಿಮ್ಮ ಮಾತಿನಲ್ಲೇ, ನಿಮ್ಮ ತಪ್ಪನ್ನೂ ಸೇರಿಸಿ, ಕೊನೆಯ ತಾರೀಖಿನ ಒಳಗೆ ಬರೆದುಕೊಡಿ. ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳದೆ ಕಿಟಕಿ ಬಿಡಬೇಡಿ.

ಮನೆಯಲ್ಲಿ ಗಾಡಿಯ ಪ್ರಾಣಿ ಇದ್ದರೆ ಅದಕ್ಕೂ ಮೊದಲು ಒಂದು ಕೆಲಸ ಮಾಡಿ. ಪಟ್ಟಿ ಬಿಚ್ಚಿ, ಹೆಗಲನ್ನು ತೊಳೆದು ನೋಡಿ.