ಸಕ್ಕರೆ ತಿಂದ ಯೀಸ್ಟ್

ನಮ್ಮ ಪ್ರಯೋಗಾಲಯದ ಮುಖ್ಯಸ್ಥರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದೆವು. ಅವರು ಮಾತಿಲ್ಲದೆ ಕೂತದ್ದನ್ನು ನಾನು ನೋಡಿಲ್ಲ; ಊಟದ ಡಬ್ಬಿಯ ಮುಂದೆಯೂ ಉಪನ್ಯಾಸವೇ. ಅವರ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದವಳು ಅವರದೇ ಸೊಸೆ. ಮನೆಯಲ್ಲೂ ಇಲ್ಲೂ ಕೇಳಿ ಕೇಳಿ ಆಕೆಗೆ ಮಾತೇ ನಿಂತುಹೋಗಿತ್ತೇನೋ. ನನ್ನ ಮೇಜು ಇಬ್ಬರ ನಡುವೆ ಇತ್ತು. ಆ ಕಡೆಯ ಗದ್ದಲಕ್ಕಿಂತ ಈ ಕಡೆಯ ಮೌನವೇ ನನಗೆ ಹೆಚ್ಚು ಕೇಳಿಸುತ್ತಿತ್ತು.

ಮೇಷ್ಟ್ರ ಪ್ರಿಯ ವಿಷಯ ರೈಬೋಸೋಮ್, ಜೀವಕೋಶದೊಳಗೆ ಪ್ರೋಟೀನ್ ಹೆಣೆಯುವ ಯಂತ್ರ.

"ಬ್ಯಾಕ್ಟೀರಿಯಾದ ಯಂತ್ರ ಎಪ್ಪತ್ತು, ನಮ್ಮದು ಎಂಬತ್ತು. ಅದರ ಎರಡು ತುಂಡು ಐವತ್ತು, ಮೂವತ್ತು. ಕೂಡಿದ್ರೆ ಎಷ್ಟಾಗಬೇಕು?"

"ಎಂಬತ್ತು, ಸರ್," ಎನ್ನುತ್ತಿದ್ದೆ ನಾನು.

"ಆಗಲ್ಲ! ಎಪ್ಪತ್ತೇ. ಇದು ತೂಕದ ಲೆಕ್ಕ ಅಲ್ಲಪ್ಪ, ಗಿರಗಿರ ತಿರುಗಿಸಿದಾಗ ಎಷ್ಟು ಬೇಗ ತಳ ಸೇರುತ್ತೆ ಅನ್ನೋ ಲೆಕ್ಕ. ನಮ್ಮ ಮನೆ ಥರ, ಕೂಡಿದ್ರೆ ಕಮ್ಮಿ."

ಹೀಗೆಂದು ಸೊಸೆಯ ಕಡೆ ನೋಡಿ ನಗುತ್ತಿದ್ದರು. ಆಕೆ ಸೂಕ್ಷ್ಮದರ್ಶಕದಿಂದ ಕಣ್ಣೆತ್ತುತ್ತಿರಲಿಲ್ಲ.

ಮೇಷ್ಟ್ರು ಹೊಸ ಔಷಧವೊಂದನ್ನು ಕಂಡುಹಿಡಿದಿದ್ದರು. ಅದು ಬ್ಯಾಕ್ಟೀರಿಯಾದ ಯಂತ್ರಕ್ಕೆ ಸಿಕ್ಕಿಕೊಂಡು ಅದನ್ನು ನಿಲ್ಲಿಸುತ್ತದೆ, ನಮ್ಮ ಯಂತ್ರವನ್ನು ಮುಟ್ಟುವುದಿಲ್ಲ ಎಂಬುದು ಅವರ ವಾದ. ಸಾಕ್ಷಿ, ಬ್ರೆಡ್ಡಿನ ಹಿಟ್ಟು ಹುದುಗಿಸುವ ಯೀಸ್ಟ್. ಅದರ ಯಂತ್ರವೂ ನಮ್ಮದರಂತೆ ಎಂಬತ್ತರದು. ಔಷಧ ಹಾಕಿದ ತಟ್ಟೆಯಲ್ಲೂ ಅದು ಹಾಯಾಗಿ ಬೆಳೆದಿತ್ತು. ಹೀಗಾಗಿ ಔಷಧ ಮನುಷ್ಯರಿಗೆ ಸಂಪೂರ್ಣ ಸುರಕ್ಷಿತವಂತೆ. ಆ ಮಾತನ್ನು ಸೊಸೆ ತನ್ನ ಹೆಸರಿನಲ್ಲಿ, ತನ್ನ ಕೊನೆಯ ಅಧ್ಯಾಯದಲ್ಲಿ ಬರೆಯಬೇಕಿತ್ತು. ಅದನ್ನು ನಂಬಿ ಔಷಧ ಕಂಪನಿಯವರು ರೋಗಿಗಳ ಮೇಲೆ ಪರೀಕ್ಷೆ ಶುರುಮಾಡುವವರಿದ್ದರು.

ಮೇಷ್ಟ್ರಿಗೆ ಕಾಯುವ ಅಭ್ಯಾಸವಿರಲಿಲ್ಲ. ಯೀಸ್ಟ್ ಬೇಗ ಬೆಳೆಯಲೆಂದು ಅದಕ್ಕೆ ಸದಾ ಸಕ್ಕರೆಯನ್ನೇ ತಿನ್ನಿಸುತ್ತಿದ್ದರು. ಸೊಸೆ ಯಾರಿಗೂ ಹೇಳದೆ ಔಷಧದ ತಟ್ಟೆಗೆ ಸಕ್ಕರೆಯ ಬದಲು ನಿಧಾನಕ್ಕೆ ಅರಗುವ ಗ್ಲಿಸರಾಲ್ ಹಾಕಿ ನೋಡಿದಳು.

"ಬೆಳೀಲೇ ಇಲ್ಲ," ಎಂದು ತಟ್ಟೆಯನ್ನು ನನ್ನ ಮುಂದಿಟ್ಟಳು.

"ಔಷಧ ಹಾಕದ ತಟ್ಟೆ?"

"ಅದು ತುಂಬಾ ಚೆನ್ನಾಗಿದೆ."

ಇಬ್ಬರಿಗೂ ಅರ್ಥವಾಯಿತು. ನಮ್ಮ ಜೀವಕೋಶದಲ್ಲೂ ಯೀಸ್ಟಿನಲ್ಲೂ ಮೈಟೋಕಾಂಡ್ರಿಯಾ ಎಂಬ ಒಲೆಯಿದೆ. ಆ ಒಲೆಯೊಳಗೂ ಅದರದೇ ರೈಬೋಸೋಮ್‌ಗಳಿವೆ, ಮತ್ತು ಅವು ಹುಟ್ಟಿನಿಂದ ಬ್ಯಾಕ್ಟೀರಿಯಾದ ಬಂಧುಗಳು. ಔಷಧ ಅವನ್ನೂ ನಿಲ್ಲಿಸುತ್ತಿತ್ತು. ಯೀಸ್ಟ್ ಸಕ್ಕರೆ ಇದ್ದರೆ ಒಲೆಯಿಲ್ಲದೆಯೂ ಬದುಕುತ್ತದೆ. ಹೋಟೆಲಿನಲ್ಲಿ ಉಣ್ಣುವವನಿಗೆ ಮನೆಯ ಒಲೆ ಆರಿದ್ದು ಗೊತ್ತಾಗದು. ಗ್ಲಿಸರಾಲನ್ನು ಒಲೆ ಉರಿಯದೆ ಅರಗಿಸಿಕೊಳ್ಳಲಾಗದು. ಮನುಷ್ಯನ ಹೃದಯವೂ ಒಲೆಯಿಲ್ಲದೆ ಬಡಿಯದು.

ಮೇಷ್ಟ್ರು ತಟ್ಟೆ ನೋಡಿ ಹುಬ್ಬು ಗಂಟಿಕ್ಕಿದರು.

"ಗ್ಲಿಸರಾಲ್ ಹಾಕು ಅಂತ ಯಾರಂದ್ರು?"

"ಯಾರೂ ಅನ್ಲಿಲ್ಲ, ಮಾವ."

"ನೋಡು, ಹೇಳದ ಕೆಲಸ ಮಾಡಿದ್ರೆ ಹೀಗೇ ಆಗೋದು. ಪಾಪ, ಯೀಸ್ಟು ಉಪವಾಸ ಬಿದ್ದಿದೆ."

"ಔಷಧ ಇಲ್ಲದ ತಟ್ಟೇಲಿ ಅದನ್ನೇ ತಿಂದು ಕೊಬ್ಬಿದೆಯಲ್ಲ. ಔಷಧ ನಿಲ್ಲಿಸಿರೋದು ಮೈಟೋಕಾಂಡ್ರಿಯಾನ."

"ಮೈಟೋಕಾಂಡ್ರಿಯಾ ಪಾಠ ನನಗೇ ಹೇಳ್ಕೊಡ್ತೀಯಾ? ಅದರ ರೈಬೋಸೋಮ್ ಬ್ಯಾಕ್ಟೀರಿಯಾದ ನೆಂಟ ಅಂತ ತರಗತೀಲಿ ಹೇಳಿದ್ದೇ ನಾನು!"

"ಹೌದು. ನೀವೇ ಹೇಳಿದ್ದು."

ಮೇಷ್ಟ್ರು ಕನ್ನಡಕ ಒರೆಸಿದರು.

"ನಾಳೆ ಕಂಪನಿಯವರು ಬರ್ತಾರೆ. ಸಕ್ಕರೆ ತಟ್ಟೆ ಮಾತ್ರ ತೋರಿಸು. ನಿನ್ನ ಪದವಿಗೆ ನನ್ನ ಸಹಿ ಬೇಕು ಅನ್ನೋದು ನೆನಪಿರಲಿ. ಹೆದರಿಸ್ತಿಲ್ಲಮ್ಮ, ಮಗಳು ಅಂದ್ಕೊಂಡು ಹೇಳ್ತಿದೀನಿ."

ಮರುದಿನ ಕಂಪನಿಯಿಂದ ಹಿರಿಯ ವಿಜ್ಞಾನಿಯೊಬ್ಬರು ಬಂದರು, ಮಿತಭಾಷಿ ಹೆಂಗಸು. ಮೇಷ್ಟ್ರು ಐವತ್ತು, ಮೂವತ್ತರ ತಮಾಷೆಯಿಂದ ಹಿಡಿದು ಸಕ್ಕರೆ ತಟ್ಟೆಯವರೆಗೆ ಉಸಿರು ಬಿಡದೆ ವಿವರಿಸಿದರು. ಆಕೆ ಸೊಸೆಯ ಕಡೆ ತಿರುಗಿದರು.

"ಅಧ್ಯಾಯ ನಿಮ್ಮದಲ್ವಾ? ನೀವೇನಂತೀರಿ?"

"ಅವಳದ್ದೂ ಇದೇ ಅಭಿಪ್ರಾಯ," ಎಂದರು ಮೇಷ್ಟ್ರು.

"ನಾನು ಕೇಳಿದ್ದು ಅವರನ್ನ."

ಸೊಸೆ ಗ್ಲಿಸರಾಲ್ ತಟ್ಟೆಗಳೆರಡನ್ನೂ ತಂದು ಅವರ ಮುಂದೆ ಇಟ್ಟಳು. "ಈ ಔಷಧಾನ ಮನುಷ್ಯರಿಗೆ ಕೊಡಬೇಡಿ. ಸುರಕ್ಷಿತ ಅಂತ ನಾನು ಬರೆಯೋದಿಲ್ಲ."

ಕಂಪನಿಯಾಕೆ ಎರಡೂ ತಟ್ಟೆಗಳನ್ನು ಬೆಳಕಿಗೆ ಹಿಡಿದು ನೋಡತೊಡಗಿದರು. ಮೇಷ್ಟ್ರಂತೂ ಅಷ್ಟು ಹೊತ್ತು ಸುಮ್ಮನಿರುವವರಲ್ಲ.

"ಅದನ್ನೇ ನಾನು ಹೇಳೋದ್ರಲ್ಲಿದ್ದೆ! ನಮ್ಮ ಪ್ರಯೋಗಾಲಯದ ಎಚ್ಚರಿಕೆ ನೋಡಿ!"

ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರೆ. ಮೇಷ್ಟ್ರಿಗೆ ಮೀಸೆಯೇ ಇರಲಿಲ್ಲ. ಕಂಪನಿಯಾಕೆ ಪರೀಕ್ಷೆ ನಿಲ್ಲಿಸುವುದಾಗಿ ಹೇಳಿ, ಸೊಸೆಗೆ ಮಾತ್ರ ನಮಸ್ಕರಿಸಿ ಹೋದರು.

"ನಂಗೆ ಬೇರೆ ಗೈಡ್ ಬೇಕು, ಮಾವ," ಎಂದಳು ಸೊಸೆ.

"ಯಾಕಮ್ಮ? ಈಗ ತಾನೇ ನಮಗೆ ಇಷ್ಟು ಒಳ್ಳೇ ಫಲಿತಾಂಶ ಬಂದಿದೆ! ಬೇರೆಯವರ ಹತ್ರ ಹೋದ್ರೆ ಮೊದಲಿಂದ ಶುರು ಮಾಡಬೇಕಾಗುತ್ತೆ."

"ಗೊತ್ತು."

ಆಕೆ ಏಪ್ರನ್ ಬಿಚ್ಚಿ ತೋಳಿಗೆ ಹಾಕಿಕೊಂಡು ಹೊರಟಳು. ಆಕೆಯ ಹಿಂದೆ ಬಾಗಿಲು ಮುಚ್ಚಿಕೊಳ್ಳುವವರೆಗೂ ಕಾಯದೆ ಮೇಷ್ಟ್ರು ನನ್ನ ಕಡೆ ಕುರ್ಚಿ ತಿರುಗಿಸಿ, ಗ್ಲಿಸರಾಲಿನ ಪ್ರಯೋಗ ತಮಗೆ ಹೇಗೆ ಹೊಳೆಯಿತೆಂದು ವಿವರಿಸತೊಡಗಿದರು.