ಡಿಪೋ ಪಕ್ಕದ ಮಣ್ಣು

ಫ್ಯೂನರಲ್ ಹೋಮಿನ ಕಪ್ಪು ಕೋಟಿನ ಮನುಷ್ಯ ಎರಡೂ ಕೈಯಲ್ಲಿ ಹಿಡಿದು ಕೊಟ್ಟ ಪ್ಲಾಸ್ಟಿಕ್ ಚೀಲವನ್ನು ಶಾಂತಾಬಾಯಿ ಮಡಿಲಲ್ಲಿಟ್ಟುಕೊಂಡು ಬಿಚ್ಚಿದಳು. ಗಂಡ ದಾನಪ್ಪನ ಕೈಗಡಿಯಾರ ಬಂತು, ಕನ್ನಡಕ ಬಂತು. ಅವುಗಳ ಕೆಳಗೆ, ಬಿಳಿ ದಾರ ಸುತ್ತಿಕೊಂಡು ಬೆಳ್ಳಿಯ ಕರಡಿಗೆ. ಅವಳ ಕೈ ಅಲ್ಲೇ ನಿಂತಿತು.

ಕೂಸಾಗಿದ್ದಾಗ ಕೊರಳಿಗೆ ಕಟ್ಟಿದ ಲಿಂಗ ಅದರೊಳಗಿತ್ತು. ದಾನಪ್ಪ ಅದನ್ನು ಜಳಕಕ್ಕೂ ಬಿಚ್ಚಿಟ್ಟವನಲ್ಲ. ಗದಗದ ಆಸ್ಪತ್ರೆಯಲ್ಲಿ ಹರ್ನಿಯಾ ಕೊಯ್ಯುವಾಗ ಡಾಕ್ಟರ ಸಂಗಡ ಜಗಳ ತೆಗೆದು, ಕೊರಳಿನದನ್ನು ತೋಳಿಗೆ ಕಟ್ಟಿಸಿಕೊಂಡು ಮಲಗಿದವನು.

"ಇದನ್ಯಾಕ ಬಿಚ್ಚಿದ್ರು?" ಎಂದಳು. ದನಿ ಎಷ್ಟು ಸಣ್ಣಗಿತ್ತೆಂದರೆ ಪಕ್ಕದಲ್ಲಿದ್ದ ಬೇಬಿ ಮಾತ್ರ ಕೇಳಿಸಿಕೊಂಡಳು. ಬೇಬಿ ತನ್ನ ಗಂಡ ರಘುಪತಿಯನ್ನು ಕರೆದಳು.

ರಘುಪತಿ ಉಡುಪಿಯ ಕಡೆಯವನು. ನಾರ್ತ್ ಕೆರೊಲಿನಾದ ಈ ಸೀಮೆಯ ಕನ್ನಡದವರ ಮನೆಗಳಲ್ಲಿ ಸಾವಾದರೆ ಮೊದಲ ಫೋನು ಅವನಿಗೇ. ಫ್ಯೂನರಲ್ ಹೋಮಿನವರ ಜೊತೆ ಮಾತು, ಹೂವು, ತುಳಸಿ, ಬಂದವರಿಗೆ ಉಪ್ಪಿಟ್ಟು, ಎಲ್ಲ ಅವನ ತಲೆಯ ಮೇಲೆ. ಯಾರೂ ಕೇಳದೆಯೇ ಹೊತ್ತುಕೊಳ್ಳುವ ಒಳ್ಳೆಯ ಮನುಷ್ಯ.

"ಲೋಹದ್ದು ಏನಿದ್ದರೂ ತೆಗೀತಾರೆ ಶಾಂತಕ್ಕ. ಒಳಗೆ ಬಿಡುದಿಲ್ಲ, ಮೆಷಿನ್ ಹಾಳಾಗ್ತದೆ."

"ಒಳಗ ಅಂದ್ರ, ಎಲ್ಲಿ ಒಳಗ?"

"ಹಿಂದಿನ ಕೋಣೆಯಲ್ಲಿ. ಇಲ್ಲಿ ಕಟ್ಟಿಗೆಯ ಕಥೆ ಇಲ್ಲ ಅಲ್ವಾ? ಪೂಜೆ ಮುಗಿದ ಮೇಲೆ ನಿಮ್ಮ ಮಗ ಅಭಿನವ ಒಂದು ಬಟನ್ ಒತ್ತುದು. ಅಷ್ಟೇ. ನೀವೇನೂ ಹೆದರ್ಬೇಡಿ, ಎಲ್ಲ ನಾನು ನೋಡ್ಕೊಳ್ತೇನೆ."

ಶಾಂತಾಬಾಯಿ ಅವನ ಮುಖವನ್ನೇ ನೋಡಿದಳು. ದಾನಪ್ಪ ಹೋದ ದಿನದಿಂದ ಮನೆಗೆ ಬಂದವರೆಲ್ಲ "ವ್ಯವಸ್ಥೆ ಎಲ್ಲಾ ಆಗಿದೆ" ಎನ್ನುತ್ತಿದ್ದರು. ಹಾಗೆಂದಾಗಲೆಲ್ಲ ಅವಳ ಕಣ್ಣ ಮುಂದೆ ಬಂದದ್ದು ಒಂದು ಕುಣಿ. ಅವಳ ಮಂದಿಯಲ್ಲಿ ಸತ್ತವರನ್ನು ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು, ವಿಭೂತಿ ಪತ್ರಿ ಹಾಕಿ ಮಣ್ಣು ಮಾಡುತ್ತಾರೆ. ಬೇರೆ ರೀತಿಯೂ ಇದ್ದೀತೆಂದು ಅವಳಿಗೆ ಹೊಳೆಯಲಿಲ್ಲ. ಸುಡದೆ ಇರುವವರೂ ಇದ್ದಾರೆಂದು ರಘುಪತಿಗೆ ಹೊಳೆಯಲಿಲ್ಲ. ಇವಳು ಹೇಳಲಿಲ್ಲ, ಅವನು ಕೇಳಲಿಲ್ಲ.

ಹೇಳಬೇಕಾದವನು ಕೋಣೆಯ ಆ ತುದಿಯಲ್ಲಿ, ಹೂವಿನ ನಡುವೆ ಮಲಗಿದ್ದ.

*

ದಾನಪ್ಪ ಗದಗ ಡಿಪೋದ ಬಸ್ ಕಂಡಕ್ಟರ್. ಗದಗದಿಂದ ರೋಣಕ್ಕೆ, ರೋಣದಿಂದ ಗಜೇಂದ್ರಗಡಕ್ಕೆ, ನೌಕರಿಯೆಲ್ಲ ಅದೇ ಕರಿಮಣ್ಣಿನ ದಾರಿಯಲ್ಲಿ ಸವೆಯಿತು. "ಮುಂದ ಸರೀರಿ, ಬಾಗಲದಾಗ ನಿಲ್ಲಬ್ಯಾಡ್ರಿ, ಗಾಳಿ ಎಲ್ಲಾರಿಗೂ ಬೇಕು" ಎಂದು ಅವನು ಒದರಿದರೆ ಡ್ರೈವರಿಗೂ ಒಂದು ಹೆಜ್ಜೆ ಮುಂದೆ ಸರಿಯಬೇಕೆನ್ನಿಸುತ್ತಿತ್ತು. ಅವನು ಬಾಯ್ತುಂಬ "ಹೋಲ್ಡಾನ್!" ಅಂದರೆ ಬಸ್ಸು ನಿಲ್ಲುತ್ತಿತ್ತು, ಬಸ್‌ಸ್ಟ್ಯಾಂಡಿನ ದನಗಳೂ ನಿಲ್ಲುತ್ತಿದ್ದವು.

ಶಾಂತಾಬಾಯಿಯದು ಕಡಿಮೆ ಮಾತು. ಮದುವೆಯಾದ ಹೊಸತರಲ್ಲಿ ಬಳೆಗಾರನೊಂದಿಗೆ ಚೌಕಾಶಿಗೆ ನಿಂತವನು ದಾನಪ್ಪ. ಡಾಕ್ಟರ ಮುಂದೆ ಕೂತರೆ ಹೊಟ್ಟೆನೋವು ಅವಳದು, ವರ್ಣನೆ ಅವನದು. "ನನ್ನ ಪಾಲಿನ ಮಾತೂ ಅವರ ಆಡಿ ಮುಗಸ್ತಾರ" ಎಂದು ನೆರೆಯವರ ಮುಂದೆ ಅವಳು ನಗುತ್ತಿದ್ದಳು. ಆ ನಗೆಯಲ್ಲಿ ದೂರಿರಲಿಲ್ಲ.

ನಿವೃತ್ತಿಯಾದ ಮೇಲೆ ಮೊಮ್ಮಗಳು ಸುರಕ್ಷಾಳನ್ನು ನೋಡಿಕೊಳ್ಳಲೆಂದು ಇಬ್ಬರೂ ನಾರ್ತ್ ಕೆರೊಲಿನಾಕ್ಕೆ ಬಂದರು. ಮಗ ಅಭಿನವನಿಗೆ ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಔಷಧದ ಕಂಪನಿಯಲ್ಲಿ ಕೆಲಸ. ದೊಡ್ಡ ಹಿತ್ತಲು ಬೇಕೆಂದು ಅವನು ಊರಿನಾಚೆ, ಪೈನ್ ಮರಗಳ ಮಗ್ಗುಲಲ್ಲಿ ಮನೆ ಕೊಂಡಿದ್ದ. ದಾನಪ್ಪ ಆ ಕೆಂಪು ಮಣ್ಣಿನಲ್ಲಿ ಪುಂಡಿಪಲ್ಯ ಬೆಳೆದ, ಮೆಂತ್ಯ ಬೆಳೆದ, ಬೇಲಿಯಾಚೆಯ ಲೊರೆಟಾಳಿಗೆ ಪುಂಡಿಪಲ್ಯ ತಿನ್ನಲು ಕಲಿಸಿದ. ಲೊರೆಟಾ ಅಲ್ಲೇ ಹುಟ್ಟಿ ಬೆಳೆದ ಕರಿಯ ಮುದುಕಿ, ಚರ್ಚಿನ ಹಿರಿಯಾಳು. ದಾನಪ್ಪ ಅವಳನ್ನು ಕರೆಯುತ್ತಿದ್ದದ್ದು 'ಲೊರೆಟಾಬಾಯಿ' ಎಂದು. ಅವಳೂ ಓಗೊಡುತ್ತಿದ್ದಳು.

ಮರಗಳ ಹಿಂದೆ ತಂತಿಬೇಲಿಯೊಳಗೆ ಏನೋ ಹಗಲೂ ರಾತ್ರಿ ಗುಂಯ್‌ಗುಡುತ್ತಿತ್ತು. ಉತ್ತರದ ಬೆಟ್ಟಗಳಲ್ಲಿ ನೆಲದಡಿಯ ಬಂಡೆಗೆ ನೀರು ಹೊಡೆದು, ಸೀಳಿ ತೆಗೆದ ಗ್ಯಾಸು ಪೈಪಿನಲ್ಲಿ ಬರುತ್ತದೆ, ದಾರಿಯಲ್ಲಿ ದಣಿಯುತ್ತದೆ, ಅದನ್ನು ಮತ್ತೆ ಒತ್ತಿ ಮುಂದೆ ನೂಕುವ ಸ್ಟೇಷನ್ ಇದು ಎಂದು ಅಭಿನವ ವಿವರಿಸಿದ.

"ಅಂದ್ರ ಇದೂ ಒಂದ್ ಡಿಪೋನ ಬಿಡು" ಅಂದ ದಾನಪ್ಪ. "ಗಾಡಿ ಕಾಣೂದಿಲ್ಲ, ಇಂಜಿನ್ ಸಪ್ಪಳ ಅಷ್ಟ."

ಕೊರೊನಾದ ಚಳಿಗಾಲದಲ್ಲಿ ದಾನಪ್ಪ ಉಳಿದ, ಅವನ ಮೂಗು ಉಳಿಯಲಿಲ್ಲ. ಒಗ್ಗರಣೆ ಹೊತ್ತಿದರೂ ತಿಳಿಯದು. ಮರುವರ್ಷ ಡಿಪೋಗೆ ಇನ್ನೊಂದು ಇಂಜಿನ್ ಬಂತು. ಬೆಳಗಿನ ಹೊತ್ತು ಗಾಳಿ ಈ ಕಡೆ ತಿರುಗಿದರೆ ಶಾಂತಾಬಾಯಿಗೆ ತಲೆ ಸಿಡಿಯುತ್ತಿತ್ತು. ಸುರಕ್ಷಾಳ ಇನ್‌ಹೇಲರ್ ಸ್ಕೂಲ್ ಬ್ಯಾಗಿನಿಂದ ದಿಂಬಿನ ಪಕ್ಕಕ್ಕೆ ಬಂತು. ಲೊರೆಟಾ ಮನೆಮನೆಗೆ ಬಂದು ಹೇಳಿದಳು: ನಾತ ಬಂದಾಗಲೆಲ್ಲ ಕೌಂಟಿ ಆಫೀಸಿನವರಿಗೆ ಫೋನ್ ಮಾಡಿ, ಸುಮ್ಮನಿರಬೇಡಿ.

ಅಂದಿನಿಂದ ಬೆಳಿಗ್ಗೆ ಗಂಡ ಹೆಂಡತಿ ಹಿತ್ತಲಲ್ಲಿ ನಿಲ್ಲುವುದು ರೂಢಿಯಾಯಿತು.

"ಶಾಂತಾ, ಬಂತೇನ?"

ಅವಳು ಮುಖವೆತ್ತಿ ಉಸಿರೆಳೆಯುತ್ತಿದ್ದಳು. "ಬಂತ್ರಿ. ಕೊಳತ ಮೊಟ್ಟಿ. ಹಿಂದ ಸುಟ್ಟ ಟೈರು."

ದಾನಪ್ಪ ಫೋನಿನಲ್ಲಿ ಒದರುತ್ತಿದ್ದ: "ಸ್ಮೆಲ್ ಕಮಿಂಗ್ ಸರ್! ಯೆಸ್, ರಾಟನ್ ಎಗ್. ನೋ ನೋ, ನಾಟ್ ಮೈ ನೋಸ್. ಮೈ ವೈಫ್ ನೋಸ್. ವೆರಿ ಗುಡ್ ನೋಸ್!"

*

ಹೊರಗೆ ಫೋನಿನಲ್ಲಿದ್ದ ಅಭಿನವ ಒಳಗೆ ಬಂದ. ತಾಯಿಯ ಮಡಿಲಿನ ಕರಡಿಗೆ ಕಂಡದ್ದೇ ಕಣ್ಣು ಬೇರೆ ಕಡೆ ಹೊರಳಿಸಿದ. ಅವನಿಗೆ ಗೊತ್ತಿತ್ತು.

"ಅಭೀ, ಸುಡ್ತೀರೇನು?"

"ಅವ್ವಾ, ಪ್ಲೀಸ್." ಅವನು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ. "ರಘುಪತಿ ಅಂಕಲ್ ಎಲ್ಲಾ ಬುಕ್ ಮಾಡಿಬಿಟ್ಟಿದ್ರು. ನಾನು ಯೋಚನೆ ಮಾಡಿದೆ. ಸಮ್ಮರ್‌ನಲ್ಲಿ ನಾವು ಕ್ಲಾರ್ಕ್ಸ್‌ಬರ್ಗ್‌ಗೆ ಮೂವ್ ಆಗ್ತೀವಲ್ವಾ? ಸುರಕ್ಷಾ ಉಸಿರಿಗೋಸ್ಕರಾನೇ ತಾನೆ ಈ ಮನೆ ಬಿಡ್ತಿರೋದು? ಬೂದಿ ಆದ್ರೆ ಅಪ್ಪನ್ನ ಜೊತೆಗೆ ಕರ್ಕೊಂಡು ಹೋಗ್ಬಹುದು. ಇಲ್ಲೇ ಮಣ್ಣು ಮಾಡಿದ್ರೆ, ಆ ಗಾಳೀಲೇ ಬಿಟ್ಟು ಹೋದ ಹಾಗಲ್ವಾ?"

ಅವನದೂ ಪ್ರೀತಿಯೇ ಎಂದು ಶಾಂತಾಬಾಯಿಗೆ ತಿಳಿಯದೆ ಇರಲಿಲ್ಲ. ಅದಕ್ಕೇ ಬಾಯಿ ಏಳಲಿಲ್ಲ. ಹೂವು ಬಂದಿವೆ, ಮಂದಿ ಬಂದಿದ್ದಾರೆ, ರಘುಪತಿ ಬೆಳಗಿನಿಂದ ನೀರು ಕುಡಿದಿಲ್ಲ. ಇಷ್ಟು ಜನರ ಮುಂದೆ ಬೇಡವೆನ್ನುವುದು ಹೇಗೆ?

ಅಭಿನವ ಎದ್ದು ಹೋದ. ಹೆಂಡತಿ ನಮ್ರತಾ ಅವನ ಬೆನ್ನ ಮೇಲೆ ಕೈಯಿಟ್ಟಳು. ಸುರಕ್ಷಾ ಬಂದು ಅಜ್ಜಿಯ ಪಕ್ಕ ಕೂತಳು. ಹನ್ನೆರಡರ ಹುಡುಗಿ, ಕನ್ನಡವನ್ನು ಒಂದೊಂದೇ ಮೆಟ್ಟಿಲು ಇಳಿಯುವ ಹಾಗೆ ಆಡುವವಳು.

"ಅಜ್ಜಿ, ಆರ್ ಯು ಓಕೆ?"

"ಅಲ್ಲಿ ಬೆಂಕಿ ಯಾತರದ್ದು ಕೇಳಿ ಬಾ ಅವಂಗ."

ಸುರಕ್ಷಾ ಕಪ್ಪು ಕೋಟಿನವನ ಬಳಿ ಹೋಗಿ ಬಂದಳು. "ಗ್ಯಾಸ್ ಅಂತೆ ಅಜ್ಜಿ. ನ್ಯಾಚುರಲ್ ಗ್ಯಾಸ್."

"ಯಾವ ಗ್ಯಾಸು?"

"ಪೈಪ್‌ದು. ನಮ್ಮ ಮನೆ ಹಿಂದೆ ಇದೆ ಅಲ್ಲಾ, ಅದೇ ಥರ. ಸೇಮ್ ಗ್ಯಾಸ್."

*

ಡಿಪೋದ ಮೇಲಿನ ದೂರು ಕೇಳಲು ಕೌಂಟಿಯ ಹಿಯರಿಂಗ್ ನಡೆದ ಸಂಜೆ ಲೊರೆಟಾ ತನ್ನ ಚರ್ಚಿನ ವ್ಯಾನಿನಲ್ಲಿ ಎಲ್ಲರನ್ನೂ ತುಂಬಿಕೊಂಡು ಹೋಗಿದ್ದಳು. ದಾನಪ್ಪ ಅಭ್ಯಾಸಬಲದಿಂದ ಬಾಗಿಲ ಬಳಿ ನಿಂತು ಎಲ್ಲರನ್ನೂ ಹತ್ತಿಸಿ, "ರೈಟ್" ಅಂದ ಮೇಲೆಯೇ ತಾನು ಹತ್ತಿದ. ಹಾಲ್‌ನಲ್ಲಿ ಗ್ಯಾಸ್ ಕಂಪನಿಯವರು ಗೋಡೆಯ ಮೇಲೆ ಬಣ್ಣಬಣ್ಣದ ಗೆರೆಗಳನ್ನು ತೋರಿಸಿದರು. ಎಲ್ಲವೂ ಮಿತಿಯೊಳಗಿದೆ ಅಂದರು. ಮಾತಾಡುವವರು ಬನ್ನಿ ಅಂದಾಗ ದಾನಪ್ಪ ಎದ್ದ. ಶಾಂತಾಬಾಯಿ ಅವನ ಅಂಗಿಯ ತುದಿ ಹಿಡಿದೆಳೆದಳು, ಅವನು ಕೊಸರಿಕೊಂಡು ಹೋದ.

"ಸರ್, ಐ ವಾಸ್ ಬಸ್ ಕಂಡಕ್ಟರ್" ಎಂದು ಶುರುಮಾಡಿದ. ಮೈಕು ಅವನಿಗೆ ಬೇಕಿರಲಿಲ್ಲ. "ಬಸ್ ಫುಲ್, ನೋ ಏರ್, ಪೀಪಲ್ ಗೆಟ್ ಡೌನ್. ಓಕೆ. ಹಿಯರ್, ಹೌ ಟು ಗೆಟ್ ಡೌನ್? ವೇರ್ ಟು ಗೆಟ್ ಡೌನ್, ಸರ್?"

ಲೊರೆಟಾ ಹಿಂದಿನ ಸಾಲಿನಿಂದ ದೊಡ್ಡ ದನಿಯಲ್ಲಿ "ಆಮೆನ್" ಅಂದಳು.

ಇಂಜಿನ್ ನಿಲ್ಲಲಿಲ್ಲ. ಪೈಪಿನ ಗ್ಯಾಸನ್ನು ಹೊರಗೆ ಬಿಡುವ ಹಿಂದಿನ ದಿನ ಮನೆಮನೆಗೆ ಫೋನ್ ಮಾಡುತ್ತೇವೆ ಎಂದು ಕಂಪನಿ ಒಪ್ಪಿತು. ಗೆದ್ದದ್ದು ಅಷ್ಟೇ. ಫೋನ್ ಬಂದ ದಿನ ಕಿಟಕಿ ಮುಚ್ಚಿ, ಗಂಡ ಹೆಂಡತಿ ಮೊಮ್ಮಗಳು ಮೂವರೂ ಒಂದೇ ಕೋಣೆಯಲ್ಲಿ ಕೂತು ಎಲೆಯಾಟ ಆಡುತ್ತಿದ್ದರು. ದಾನಪ್ಪ ಮೊಮ್ಮಗಳಿಗೆ ಮೋಸ ಮಾಡಿ ಸೋಲುತ್ತಿದ್ದ.

ಹಿಯರಿಂಗಿನ ಆ ಸಂಜೆ ಮನೆಗೆ ಬಂದು ಚಪ್ಪಲಿ ಬಿಡುತ್ತ ಅವನು ಹೆಂಡತಿಗೆ ಹೇಳಿದ್ದ: "ಎಲ್ಲಾರೂ ನನ್ನ ಕೈ ಕುಲುಕಿದ್ರು ನೋಡು. ಮಾತು ನಿಂದು. ನಿನ್ನ ಮೂಗು ಹೇಳಿದ್ದನ್ನ ನಾ ಒದರಿದೆ, ಅಷ್ಟ."

ಹೋದ ವಾರ ಪುಂಡಿಪಲ್ಯದ ಮಡಿ ಮಾಡುತ್ತಿದ್ದವನು ಗುದ್ದಲಿಗೆ ಒರಗಿ ಕೂತ, ಏಳಲಿಲ್ಲ. ಡಾಕ್ಟರು ಹೃದಯ ಅಂದರು. ಗಾಳಿಯೂ ಕಾರಣವಿರಬಹುದೇ ಎಂದು ಲೊರೆಟಾ ಕೇಳಿದಳು. ಹೇಳಲಾಗದು ಅಂದರು.

*

ಹಿಂದಿನ ಕೋಣೆಗೆ ಮನೆಯವರಷ್ಟೇ ಹೋದರು. ಜೊತೆಗೆ ರಘುಪತಿ, ಬೇಬಿ. ಬಾಗಿಲ ಬಳಿ ಹಿಂಜರಿದ ಲೊರೆಟಾಳನ್ನು ಶಾಂತಾಬಾಯಿಯೇ ಕೈಹಿಡಿದು ಒಳಗೆ ಕರೆದಳು. ಉಕ್ಕಿನ ಬಾಗಿಲು, ಅದರ ಪಕ್ಕದ ಗೋಡೆಯಲ್ಲಿ ಹಸಿರು ಬಟನ್. ಎಲ್ಲಿಂದಲೋ ಸಣ್ಣಗೆ ಗುಂಯ್ ಎನ್ನುವ ಸದ್ದು.

"ಅಭಿನವ, ಬಲಗೈ" ಅಂದ ರಘುಪತಿ. "ಮನಸ್ಸಿನಲ್ಲಿ ಅಪ್ಪನನ್ನು ನೆನೆಸಿಕೊಂಡು ಒತ್ತು ಮಾರಾಯ."

ಅಭಿನವನ ಬೆರಳು ಮೇಲೆದ್ದಿತು.

"ಹೋಲ್ಡಾನ್!"

ಗೋಡೆಗೆ ಬಡಿದು ತಿರುಗಿ ಬಂತು ದನಿ. ಬಟನ್ನಿನ ಬಳಿ ನಿಂತಿದ್ದ ಕಪ್ಪು ಕೋಟಿನವನು ಮೊದಲು ಹಿಂದೆ ಸರಿದ, ಅವನಿಗೂ ಅದು ತಿಳಿಯುವ ಇಂಗ್ಲಿಷ್ ಮಾತೇ. ಎಲ್ಲರೂ ತಿರುಗಿ ನೋಡಿದರು. ಶಾಂತಾಬಾಯಿ ನಿಂತಿದ್ದಳು. ತನ್ನ ಗಂಟಲಿನಿಂದ ಬಂದದ್ದೇ ಅದು ಎಂದು ಅವಳಿಗೂ ನಂಬಿಕೆಯಾದಂತಿರಲಿಲ್ಲ.

"ಬ್ಯಾಡ" ಅಂದಳು. "ಆ ಗ್ಯಾಸಿನ ಬೆಂಕಿ ಅವರಿಗೆ ಬ್ಯಾಡ. ನಮ್ಮೊಳಗ ಸುಡೂದಿಲ್ಲ. ಮಣ್ಣು ಮಾಡ್ರಿ."

"ಅವ್ವಾ, ಆ ಗಾಳೀಲಿ..."

"ಅವರಿಗಿನ್ನ ಗಾಳಿ ಯಾಕೋ ಬೇಕು? ಮಣ್ಣು ಬೇಕು. ನಾವು ಹೋಗೋಣು, ಕೂಸಿನ ಸಲುವಾಗಿ ಹೋಗಬೇಕು. ಅವರು ಇಲ್ಲೇ ಇರ್ಲಿ. ಅವರು ಇಲ್ಲಿಂದ ಇಳೀತೀನಿ ಅಂದಿರಲಿಲ್ಲ."

ರಘುಪತಿ ಮುಖ ಒರೆಸಿಕೊಂಡ. "ಛೆ, ನಂಗೆ ಹೊಳೆಯಲೇ ಇಲ್ಲ ಶಾಂತಕ್ಕ. ಇಷ್ಟು ಜನರನ್ನು ಕಳಿಸಿಕೊಟ್ಟಿದ್ದೇನೆ, ಬೇಡ ಅಂತ ಒಬ್ಬರೂ ಹೇಳ್ಲಿಲ್ಲ."

"ಹೋದವರು ಹೇಗೆ ಹೇಳ್ತಾರೆ?" ಎಂದಳು ಬೇಬಿ. "ಇದ್ದವರನ್ನು ನೀವು ಕೇಳ್ಬೇಕಿತ್ತು."

ಅಭಿನವನಿಗೆ ಅಳುವಿನ ನಡುವೆ ನಗು ಬಂತು. ಅವನು ಬಟನ್ನಿಗೆ ಎತ್ತಿದ್ದ ಕೈಯನ್ನು ಕೋಟಿನ ಜೇಬಿಗೆ ಹಾಕಿಕೊಂಡ.

ಸುರಕ್ಷಾ ಲೊರೆಟಾಳ ಕಿವಿಯಲ್ಲಿ ಎಲ್ಲ ಹೇಳುತ್ತಿದ್ದಳು. ಲೊರೆಟಾ ಹೊರಗೆ ಹೋಗಿ ಪಾದ್ರಿಗೆ ಫೋನ್ ಮಾಡಿದಳು. ಬಂದು ಹೇಳಿದ್ದನ್ನು ಸುರಕ್ಷಾ ಕನ್ನಡ ಮಾಡಿದಳು: "ಅವಳ ಚರ್ಚ್ ಹಿಂದೆ ಜಾಗ ಇದೆ ಅಜ್ಜಿ. ತಾತ ಅವರ ವ್ಯಾನ್‌ನಲ್ಲಿ ಕೂತಿದ್ರು, ಸೋ, ಹೀ ಈಸ್ ಅವರ್ಸ್, ನಮ್ಮವರೇ, ಅಂತ."

*

ಚರ್ಚಿನ ಹಿಂದಿನ ಇಳಿಜಾರಿನಲ್ಲಿ ಮಧ್ಯಾಹ್ನದ ಬಿಸಿಲಿತ್ತು. ಹಳೆಯ ಕಲ್ಲುಗಳ ಮೇಲೆ ಲೊರೆಟಾಳ ತಾಯಿಯ ಹೆಸರು, ಅಜ್ಜಿಯ ಹೆಸರು. ಪೈನ್ ಮರಗಳಾಚೆ ಡಿಪೋ ಇಲ್ಲಿಗೂ ಕೇಳುವಂತೆ ಗುಂಯ್‌ಗುಡುತ್ತಿತ್ತು. ಕುಣಿ ತೋಡುವವನು ಲೊರೆಟಾಳ ತಮ್ಮನ ಮಗ ಡಾರ್ನೆಲ್, ಎತ್ತರದ ಆಳು. ಮಾರನೆಯ ಬೆಳಿಗ್ಗೆ ಅಗೆಯುತ್ತೇನೆ, ಪೆಟ್ಟಿಗೆಯ ಅಳತೆ ಹೇಳಿ ಅಂದ.

"ಪೆಟ್ಟಿಗೆ ಇಲ್ಲ" ಎಂದು ಅಭಿನವ ಇಂಗ್ಲಿಷಿನಲ್ಲಿ ವಿವರಿಸತೊಡಗಿದ. ಕೂರಿಸುತ್ತೇವೆ ಅಂದ. ಕೈಯಿಂದ ಗಾಳಿಯಲ್ಲಿ ಆಕಾರ ಬರೆದ. ಡಾರ್ನೆಲ್ ಟೋಪಿ ತೆಗೆದು ತಲೆ ಕೆರೆದುಕೊಂಡ. ಕುರ್ಚಿಯ ಮೇಲಾ? ಕಾಲು ಚಾಚಿಯಾ? ಎಷ್ಟು ಅಗಲ ಬೇಕು? ಇಂಥದ್ದನ್ನು ತಾನು ಅಗೆದಿಲ್ಲ, ಅಗೆಯಬಾರದೆಂದೂ ಯಾರೂ ಹೇಳಿಲ್ಲ ಅಂದ. ರಘುಪತಿಯೂ ಏನೋ ಹೇಳಹೋಗಿ ಹೆಂಡತಿಯ ಮುಖ ನೋಡಿ ಸುಮ್ಮನಾದ.

ಶಾಂತಾಬಾಯಿ ಬೂಟು ಕಳಚಿದಳು. ಹುಲ್ಲಿಲ್ಲದ ಕಡೆ ನೋಡಿ, ಸೀರೆಯ ನೆರಿಗೆ ಒತ್ತಿ ಹಿಡಿದು, ಒಂದು ಕೈ ನೆಲಕ್ಕೂರಿ ಮೆಲ್ಲಗೆ ಕೂತಳು. ಕಾಲು ಮಡಚಿ ಚಕ್ಕಳಮಕ್ಕಳ ಹಾಕಿದಳು. ಬೆನ್ನು ನೆಟ್ಟಗೆ ಮಾಡಿ, ಎಡಗೈಯನ್ನು ಮಡಿಲಲ್ಲಿ ಅಂಗಾತ ಇಟ್ಟಳು.

ಡಾರ್ನೆಲ್‌ಗೆ ಈಗ ತಿಳಿಯಿತು. ಅವನು ಮೊಳಕಾಲೂರಿ ಅಳತೆಯ ಟೇಪು ಬಿಚ್ಚಿದ. ಒಂದು ತುದಿಯನ್ನು ಅಭಿನವ ಹಿಡಿದ. ಈ ಮೊಳಕಾಲಿನಿಂದ ಆ ಮೊಳಕಾಲಿಗೆ ಅಳೆದರು, ಬೆನ್ನಿನಿಂದ ಮುಂದಕ್ಕೆ ಅಳೆದರು. ಆಮೇಲೆ ನೆಲದಿಂದ ಅವಳ ನೆತ್ತಿಯವರೆಗೆ.

"ಅವರು ನನಗಿಂತ ಎತ್ತರ" ಎಂದಳು ಶಾಂತಾಬಾಯಿ. ಬಲಗೈ ಎತ್ತಿ, ತನ್ನ ತಲೆಯ ಮೇಲೆ ಒಂದು ಗೇಣು ಬಿಟ್ಟು ಗಾಳಿಯಲ್ಲಿ ಹಿಡಿದಳು. ಅಭಿನವ ಟೇಪಿನ ತುದಿಯನ್ನು ಅಲ್ಲಿಯವರೆಗೆ ಎಳೆದು, ಆ ಅಂಗೈಗೆ ತಾಗಿಸಿ ನಿಂತ.