ಕಣ್ಣಿಗೆ ಕಾಣುವಷ್ಟು ದೂರ

ಶನಿವಾರ ಬೆಳಗಾಗುವ ಮೊದಲು ಯಾರೋ ಮಾಳಿಗೆಯ ಇಬ್ಬರು ಹುಡುಗರ ಸೈಕಲ್ಲುಗಳನ್ನು ತುಂಗಕ್ಕನ ಹಿತ್ತಿಲಿನ ಬಾವಿಗೆ ಎಸೆದಿದ್ದರು. ಹೆಲ್ಮೆಟ್ಟುಗಳನ್ನು ಕಲ್ಲಿನಿಂದ ಜಜ್ಜಿ ಬಾವಿಕಟ್ಟೆಯ ಮೇಲೆ ಇಟ್ಟಿದ್ದರು.

ನೀರು ಸೇದಲು ಬಂದ ತುಂಗಕ್ಕನ ಕೊಡಪಾನ ಕಬ್ಬಿಣಕ್ಕೆ ಬಡಿದು ಠಣ್ಣೆಂದಿತು. ಬಗ್ಗಿ ನೋಡಿದಳು. ಅರ್ಧ ಮುಳುಗಿದ ಒಂದು ಚಕ್ರ ಕೊಡಪಾನದ ಪೆಟ್ಟಿಗೆ ಮೆಲ್ಲಗೆ ತಿರುಗುತ್ತಿತ್ತು.

"ಹ್ವಾಯ್, ಹಿರಿಯರೇ!" ಎಂದು ಮಾಳಿಗೆಯ ಕಡೆ ಮುಖಮಾಡಿ ಕೂಗಿದಳು. "ಕೆಳ್ಗ್ ಬನ್ನಿ. ನಿಮ್ ಸೈಕಲ್ ಎರ್ಡೂ ಬಾಮಿಯಂಗೆ ಈಜ್ತಾ ಇತ್ತ್."

ಹಿರಿಯರೇ ಎನ್ನುವುದು ಅವಳ ತಮಾಷೆ. ಮಾಳಿಗೆಯ ಕೋಣೆಯಲ್ಲಿ ಬಾಡಿಗೆಗಿದ್ದ ಈ ಇಬ್ಬರೂ ಮಾರ್ಮನ್ ಎಂಬ ಕ್ರೈಸ್ತ ಪಂಥದ ಪ್ರಚಾರಕರು. ಇಪ್ಪತ್ತರ ಆಸುಪಾಸಿನ ವಯಸ್ಸು. ಎರಡು ವರ್ಷ ಮನೆಮಾರು ಬಿಟ್ಟು ಧರ್ಮದ ಕೆಲಸ ಮಾಡಲು ಹೊರಟವರು. ಅವರ ಪೈಕಿ ಇಂಥ ಹುಡುಗರನ್ನು ಎಲ್ಡರ್ ಎಂದು ಕರೆಯಬೇಕು. ಹಾಗೆಂದರೆ ಹಿರಿಯ ಎಂದು ಕೇಳಿದ ದಿನವೇ ತುಂಗಕ್ಕ ನಕ್ಕುಬಿಟ್ಟಿದ್ದಳು: "ಮೀಸಿ ಸಮಾ ಬರ್ಲಿಲ್ಲೆ, ಹಿರಿಯ ಅಂಬ್ರ್!"

ಮೊದಲು ಇಳಿದು ಬಂದವನು ಚರಣ್. ಅವನ ಅಪ್ಪ ಬೆಂಗಳೂರಿನ ಕ್ಯಾಂಟೀನೊಂದರಲ್ಲಿ ದೋಸೆ ಹೊಯ್ಯುವವರು, ತಾಯಿ ಬೈಂದೂರಿನವಳು. ಹುಟ್ಟಿ ಬೆಳೆದದ್ದು ಘಟ್ಟದ ಮೇಲಾದರೂ ತಾಯಿಯ ಬಾಯಿಂದ ಕಲಿತ ಕುಂದಾಪ್ರ ಮಾತು ಅವನ ನಾಲಿಗೆಯಲ್ಲಿ ಗಟ್ಟಿಯಾಗಿತ್ತು. ಹಿಂದೆಯೇ ಟೈ ಕಟ್ಟಿಕೊಳ್ಳುತ್ತ ಬಂದವನು ಲೆಪ್ಚ, ಡಾರ್ಜಿಲಿಂಗಿನ ಮೇಲಿನ ಗುಡ್ಡದ ಹುಡುಗ. ಚರಣ್ ಬಾವಿಯೊಳಗೆ ನೋಡಿ ಹಲ್ಲು ಕಚ್ಚಿದ. ಲೆಪ್ಚ ನೋಡಿ, ಕಟ್ಟಿದ ಟೈ ಬಿಚ್ಚಿ ಜೇಬಿಗೆ ಹಾಕಿಕೊಂಡು, ಹಗ್ಗ ಎಲ್ಲಿದೆ ಎಂದು ಕೈಸನ್ನೆಯಲ್ಲಿ ಕೇಳಿದ.

ಆ ವಾರ ಕುಂದಾಪುರಕ್ಕೆ ಅಪರೂಪದ ಚಳಿ ಬಂದಿತ್ತು. ಬಸ್ಸಿನ ಕಂಡಕ್ಟರು ಕಿವಿಗೆ ಮಫ್ಲರ್ ಸುತ್ತಿದ್ದ. ಮೀನು ಮಾರುವ ಹೆಂಗಸರು ತಲೆಗೆ ಟವೆಲು ಬಿಗಿದು ಬುಟ್ಟಿ ಹೊತ್ತಿದ್ದರು. ಚರಣ್ ಎರಡು ಬನಿಯನ್ನಿನ ಮೇಲೆ ಅಂಗಿ ಹಾಕುತ್ತಿದ್ದ. ಲೆಪ್ಚ ಮಾತ್ರ ದಿನಾ ಬೆಳಿಗ್ಗೆ ಬಾವಿಕಟ್ಟೆಯಲ್ಲಿ ತಣ್ಣೀರು ಸುರಿದುಕೊಂಡು, "ಇದ್ ಚಳಿಯಾ ಅಮ್ಮ? ನಮ್ಮಲ್ಲಿ ನಲ್ಲಿಯೊಳಗೆ ನೀರು ಕಲ್ಲಾಗ್ತದೆ" ಎಂದು ತಾನು ಕಲಿತ ಅರ್ಧಂಬರ್ಧ ಕನ್ನಡದಲ್ಲಿ ಹೇಳಿ ತುಂಗಕ್ಕನನ್ನು ನಡುಗಿಸುತ್ತಿದ್ದ.

ಅವರ ದಿನಚರಿಯನ್ನು ತುಂಗಕ್ಕ ಕೆಳಗಿನಿಂದಲೇ ಸದ್ದಿನಲ್ಲಿ ಓದುತ್ತಿದ್ದಳು. ಅಲಾರಂ. ಮಂಡಿಯೂರಿದ ನಾಲ್ಕು ಕಾಲುಗಳ ಧಪ್ ಧಪ್. ದಂಡ ಹೊಡೆಯುವ ಏದುಸಿರು. ಕುಕ್ಕರಿನ ಕೂಗು. ಆಮೇಲೆ ಬಹಳ ಹೊತ್ತು ಗುನುಗುನು ಓದು. ಇಸ್ತ್ರಿ ಹಾಕಿದ ಬಿಳಿ ಅಂಗಿ, ಎದೆಯ ಮೇಲೆ ಕಪ್ಪು ಹೆಸರುಪಟ್ಟಿ ತೊಟ್ಟು ಹೊರಟರೆ ಸಂಜೆಯವರೆಗೆ ಸೈಕಲ್ ತುಳಿತ. ಸಿನಿಮಾ ಇಲ್ಲ, ಹುಡುಗಿಯರ ಜೊತೆ ಹರಟೆ ಇಲ್ಲ, ಮನೆಗೆ ಫೋನು ವಾರಕ್ಕೊಮ್ಮೆ. ಸೋಮವಾರ ಬಟ್ಟೆ ಒಗೆಯುವ ದಿನ, ಅಂದೇ ತಾಯಂದಿರ ಜೊತೆ ಮಾತು. ಲೆಪ್ಚನ ತಾಯಿ ಪರದೆಯ ಆಚೆ ಉಣ್ಣೆಟೊಪ್ಪಿ ಹಾಕಿಕೊಂಡು ಅಳುವಳು, ಇವನು ಈಚೆ ಬೆವರಿಕೊಂಡು ನಗಿಸುವನು.

ತುಂಗಕ್ಕನಿಗೆ ಯಾವ ದೇವರ ಮೇಲೂ ವಿಶ್ವಾಸವಿರಲಿಲ್ಲ. "ನಿಮ್ ದೇವ್ರ್ ನಂಗ್ ಬ್ಯಾಡ, ನಮ್ ದೇವ್ರೂ ಬ್ಯಾಡ. ನೆಲ ಗುಡ್ಸಿ ಇಟ್ಟ್ಕಣಿ, ಅಷ್ಟ್ ಸಾಕ್" ಎಂದೇ ಕೀಲಿಕೈ ಕೊಟ್ಟಿದ್ದಳು. ಆದರೆ ಮುಚ್ಚಿದ ಬಾಗಿಲಿನ ಮುಂದೆ ನಿಂತು ನಮಸ್ಕಾರ ಹೇಳಿ, ಬೈಸಿಕೊಂಡು, ಮರುದಿನ ಅದೇ ಅಂಗಿಗೆ ಇಸ್ತ್ರಿ ಹಾಕಿ ಹೊರಡುವವರನ್ನು ಅವಳು ಹಿಂದೆಯೂ ನೋಡಿದ್ದಳು. ತಾನೇ ಹಾಗೆ ಹೊರಟವಳು. ಹೊಳೆಬದಿಯ ಹಂಚಿನ ಕಾರ್ಖಾನೆಯಲ್ಲಿ ಹಸಿ ಹಂಚು ಹೊತ್ತ ಹರೆಯದಲ್ಲಿ, ಮುಷ್ಕರದ ಸಮಯ ಮನೆ ಮನೆ ತಿರುಗಿ ಕೆಲಸದವರನ್ನು ಯೂನಿಯನ್ನಿಗೆ ಕರೆದವಳು. ಈಗ ಆ ಕಾರ್ಖಾನೆಯ ಚಿಮಣಿಯ ಮೇಲೆ ಅರಳಿಗಿಡ ಹುಟ್ಟಿದೆ. ಆದರೆ ಯಾವ ಮನೆಯ ಬಾಗಿಲು ಹೇಗೆ ಮುಚ್ಚಿಕೊಂಡಿತ್ತು ಎಂಬುದು ಅವಳಿಗೆ ಇನ್ನೂ ನೆನಪಿದೆ.

ಮೊದಲ ತಿಂಗಳು ಹುಡುಗರು ಸೋತು ಬರುತ್ತಿದ್ದರು. ಕಾರಣ ದೇವರಲ್ಲ, ಚಾ. ಅವರ ಪಂಥದಲ್ಲಿ ಚಾ, ಕಾಫಿ ನಿಷಿದ್ಧ. ಈ ಸೀಮೆಯಲ್ಲಿ ಯಾರು ಯಾರ ಮನೆಯ ಲೋಟ ಮುಟ್ಟುವುದಿಲ್ಲ ಎಂಬುದಕ್ಕೆ ನೂರಾರು ವರ್ಷದ ಗಾಯವಿದೆ. ಮಾಡಿಕೊಟ್ಟ ಚಾ ಬೇಡವೆಂದವನನ್ನು ಜನ ಆ ಗಾಯದ ಕಣ್ಣಿನಿಂದಲೇ ನೋಡುತ್ತಾರೆ. ತ್ರಾಸಿಯ ವನಜ ಎಂಬಾಕೆ, ತಾನೇ ಇವರನ್ನು ಮನೆಗೆ ಕರೆದವಳು, ಲೋಟ ವಾಪಸು ತೆಗೆದುಕೊಂಡು ಕೇಳಿಯೇಬಿಟ್ಟಿದ್ದಳು: "ಎಂತಕೆ, ನಮ್ಮನಿ ಲೋಟ ಆತಿಲ್ಯಾ ನಿಮ್ಗೆ?" ಚರಣ್ ತತ್ತರಿಸಿದ್ದ. ಲೆಪ್ಚನಿಗೆ ಮಾತು ಅರ್ಥವಾಗಲಿಲ್ಲ, ಮುಖ ಅರ್ಥವಾಯಿತು.

ಸಂಗತಿ ಕೇಳಿ ತುಂಗಕ್ಕ ಹೊಟ್ಟೆ ಹಿಡಿದು ನಕ್ಕಳು. "ಚಾ ತೋಟದ್ ಊರವ ಚಾ ಕುಡುದಿಲ್ಲೆ ಅಂದ್ರೆ ಯಾರ್ ನಂಬ್ತ್ರ್ ಮಾರಾಯ! ಇನ್ ಮೇಲೆ ಹೊಸಿಲ್ ದಾಟುಕ್ ಮುಂಚೆ ನೀವೇ ಕೇಣಿ, ಅಮ್ಮ ಬೆಲ್ಲ ನೀರ್ ಇತ್ತಾ ಅಂದೇಳಿ."

ಬಂದವರಿಗೆ ಒಂದು ತುಂಡು ಬೆಲ್ಲ, ಒಂದು ಚೊಂಬು ನೀರು ಕೊಡುವುದು ಇಲ್ಲಿಯ ಹಳೆಯ ಪದ್ಧತಿ. ಚಾ ಬಂದ ಮೇಲೆ ಬಹಳ ಮನೆಗಳಲ್ಲಿ ಮರೆತೇಹೋಗಿತ್ತು. ಲೆಪ್ಚ ತನ್ನ ಗುಡ್ಡದ ರಾಗದಲ್ಲಿ "ಅಮ್ಮಾ, ಬೆಲ್ಲ ನೀರ್ ಇತ್ತಾ?" ಎಂದು ಕೇಳಿದಾಗ ವನಜಳ ಮುದಿ ಅತ್ತೆ ಒಳಗಿನಿಂದ ಎದ್ದು ಬಂದು, ಅವನ ಕೆನ್ನೆ ಹಿಡಿದು, ಬೆಲ್ಲದ ಜೊತೆಗೆ ತೆಂಗಿನಕಾಯಿ ಚೂರನ್ನೂ ಬಾಯಿಗೆ ತುರುಕಿದಳು. ಬಾರ್ಕೂರಿನಲ್ಲಿ ಒಂದು ಪಾರ್ಶ್ವ ಬಿದ್ದು ಮಲಗಿದ್ದ ಐತಜ್ಜ ಬೆಲ್ಲ ಕೊಟ್ಟು ಷರತ್ತು ಹಾಕಿದ: "ದೇವ್ರ್ ಸುದ್ದಿ ಎತ್ತುಕಾಗ. ಬೇಕಾರೆ ಗಡ್ಡ ತೆಗುದ್ ಹೋಯ್ನಿ." ಹುಡುಗರು ದೇವರ ಸುದ್ದಿ ಎತ್ತಲಿಲ್ಲ. ಪ್ರತಿ ಮಂಗಳವಾರ ಹೋಗಿ ಅಜ್ಜನ ಗಡ್ಡ ತೆಗೆದು, ಮೈ ಒರೆಸಿ, ಬೆನ್ನಿನ ಹುಣ್ಣಿಗೆ ಮುಲಾಮು ಹಚ್ಚಿ ಬರುತ್ತಿದ್ದರು. ಐತಜ್ಜನ ಸ್ವಂತ ಜಾತಿಯ ಸಂಘಕ್ಕೆ ಊರಿನಲ್ಲಿ ಮಾರ್ಬಲ್ ಹಾಕಿದ ಸಭಾಭವನವಿದೆ. ಅಲ್ಲಿಂದ ಈ ತನಕ ಯಾರೂ ಒಂದು ಬ್ಲೇಡು ತಂದವರಿಲ್ಲ.

ಇಷ್ಟೆಲ್ಲ ಸಹಿಸುವ ಚರಣನಿಗೆ ಸಹಿಸಲಾಗದ ನಿಯಮ ಒಂದೇ. ಜೊತೆಗಾರನನ್ನು ಒಂಟಿ ಬಿಡಬಾರದು. ಒಬ್ಬ ಇನ್ನೊಬ್ಬನ ಕಣ್ಣಿಗೆ ಕಾಣುವಷ್ಟು, ಕಿವಿಗೆ ಕೇಳುವಷ್ಟು ದೂರದಲ್ಲೇ ಇರಬೇಕು. ಲೆಪ್ಚ ಮೂಗಿನಲ್ಲಿ ಹಾಡುತ್ತಿದ್ದ. ಊಟವನ್ನು ಹಸುವಿನಂತೆ ಮೆಲ್ಲಗೆ ಮೆಲ್ಲುತ್ತಿದ್ದ. ಒಮ್ಮೆ ಇಬ್ಬರಿಗೂ ಜಗಳವಾಗಿ, ತ್ರಾಸಿಯ ಕಡಲಬದಿಯ ಕಲ್ಲುಗಳ ಮೇಲೆ ಬೆನ್ನಿಗೆ ಬೆನ್ನು ಹಾಕಿ, ಒಂದು ಮಾತಿಲ್ಲದೆ, ಆದರೆ ನಿಯಮ ತಪ್ಪದೆ, ಹತ್ತಿರ ಹತ್ತಿರವೇ ಕೂತಿದ್ದರು.

"ಜೈಲಂಗೂ ಹೀಂಗ್ ಇರುದಿಲ್ಲೆ ಅಮ್ಮ" ಎಂದು ಚರಣ್ ಅಂದು ದೂರಿದ. "ನಾವ್ ಹಾಳಾತ್ ಅಂದೇಳಿ ಸಂಶಯ ಇವ್ರಿಗೆ."

"ನಿಂಗೆ ಹಾಳಾಪುಕೆ ಪುರ್ಸೊತ್ತ್ ಎಲ್ಲಿತ್ತ್?" ತುಂಗಕ್ಕ ಬೆಳ್ಳುಳ್ಳಿ ಸುಲಿಯುತ್ತ ಹೇಳಿದಳು. "ನಮ್ ಯೂನಿಯನ್ನಂಗೂ ಅದೇ ಇದ್ದಿತ್. ಒಬ್ರೇ ಹೋಪುಕಾಗ. ಒಬ್ರೇ ಸಿಕ್ರೆ ಮಾಲೀಕ ಕೊಂಡ್ಕಂತ, ಇಲ್ದಿರೆ ಅವ್ನ್ ಜನ ಹೊಡಿತ್ರ್. ಇಬ್ರ್ ಇದ್ರೆ ಕೊಂಬುದೂ ಕಷ್ಟ, ಹೊಡುದೂ ಕಷ್ಟ."

ಚರಣ್ ನಕ್ಕಿದ್ದ. ಕಾರ್ಖಾನೆ ಬೇರೆ, ದೇವರ ಕೆಲಸ ಬೇರೆ ಎಂದಿದ್ದ.

ಈಗ ಬಾವಿಯ ಕಲ್ಲಿನ ಗೂಡುಗಳಲ್ಲಿ ಕಾಲಿಡುತ್ತ ಲೆಪ್ಚ ಕೆಳಗಿಳಿದಿದ್ದ. ಮೇಲೆ ಚರಣ್ ಹಗ್ಗ ಹಿಡಿದಿದ್ದ. ಬೇಲಿಯಾಚೆ ನಾಲ್ಕಾರು ಮಂದಿ ಕೈಕಟ್ಟಿ ನಿಂತು ನೋಡಿದರು. ಅವರಲ್ಲಿ ಭೋಜರಾಜನೂ ಇದ್ದ. ಸಿಮೆಂಟಿನ ಅಂಗಡಿಯವ, ಓಣಿಯಲ್ಲಿ ಅವನು ಕೆಮ್ಮಿದರೆ ಹತ್ತು ಜನ ಸೇರುತ್ತಾರೆ. ಹುಡುಗರನ್ನು ಮನೆ ಬಿಡಿಸು ಎಂದು ಹಿಂದಿನ ವಾರವೇ ತುಂಗಕ್ಕನಿಗೆ ಹೇಳಿಹೋಗಿದ್ದ.

"ಎಂತ ತುಂಗಕ್ಕ, ಬಾಮಿ ಕೆಸ್ರ್ ತೆಗ್ಸುದಾ?" ಎಂದು ಭೋಜರಾಜ ಕೇಳಿದ.

"ಹೌದ ಮಾರಾಯ. ರಾತ್ರಿ ಯಾರೋ ಧರ್ಮ ಉಳ್ಸುಕ್ ಬಂದಿದ್ರ್. ಕೆಸ್ರ್ ಎದ್ದಿತ್ತ್."

ಯಾರೋ ಕಿಸಕ್ಕೆಂದರು. ಭೋಜರಾಜ ತಿರುಗಿ ನೋಡಿದಾಗ ನಗು ನಿಂತಿತು. "ನಿನ್ ಅಪ್ಪ ಗೋಪಿಯೂ ನಾನೂ ಒಂದೇ ಬಾವುಟ ಹಿಡುದ್ ಪೆಟ್ಟ್ ತಿಂದವ್ರ್" ಎಂದಳು ತುಂಗಕ್ಕ. "ಅಂವ ಇದ್ದಿದ್ರೆ ಇವತ್ತ್ ಬೇಲಿ ಈಚಿ ಬದಿ ಹಗ್ಗ ಹಿಡಿತಿದ್ದ."

ಸೈಕಲ್ಲುಗಳು ಮೇಲೆ ಬಂದವು. ಒಂದರ ಚಕ್ರ ಸೊಟ್ಟಗಾಗಿತ್ತು, ಇನ್ನೊಂದರ ಸೀಟು ಹರಿದಿತ್ತು. ಒದ್ದೆ ಮೈಯ ಲೆಪ್ಚ ಹೊರಬಂದು ಮೊದಲು ನೋಡಿದ್ದು ಚೈನನ್ನು. ಎಣ್ಣೆ ಬಿಟ್ಟರೆ ಸರಿಯಾಗುತ್ತದೆ ಎಂದ ಹಿಂದಿಯಲ್ಲಿ. ಚರಣ್ ಸಿಟ್ಟಿನಿಂದ ಏನೋ ಕೂಗಲು ಬಾಯಿ ತೆರೆದ. ಲೆಪ್ಚ ಬೇಲಿಯ ಕಡೆ ತಿರುಗಿ, ನಿಂತವರಿಗೆಲ್ಲ ಒಂದು ನಮಸ್ಕಾರ ಹೇಳಿ, ಅಂಗಿ ಬದಲಿಸಲು ಮೇಲೆ ಹೋದ. ಚರಣ್ ಬಾಯಿ ಮುಚ್ಚಿಕೊಂಡು ಹಿಂದೆ ಹೋದ. ಸ್ವಲ್ಪ ಹೊತ್ತಿಗೆ ಬೆಳ್ಳಗಿನ ಅಂಗಿ ತೊಟ್ಟು ಇಬ್ಬರೂ ತ್ರಾಸಿಯ ಬಸ್ಸಿಗೆ ನಡೆದೇ ಹೊರಟರು. ತುಂಗಕ್ಕ ಗೇಟಿನವರೆಗೆ ಬಂದು, ಯಾರನ್ನೂ ಆ ಥರ ಕಳಿಸಿಕೊಟ್ಟು ಅಭ್ಯಾಸವಿಲ್ಲದ ಹೆಂಗಸು, ಕೈ ಎತ್ತಿದಳು.

ಸೂರ್ಯ ಮುಳುಗುವ ಹೊತ್ತಿಗೆ ಅವರು ಮರಳಿದಾಗ ಅಂಗಳದಲ್ಲಿ ಕಾರು ನಿಂತಿತ್ತು. ಪಕ್ಕದಲ್ಲಿ ಚರಣನ ಸೋದರಮಾವ ರಾಜೀವ. ಬೈಂದೂರಿನಲ್ಲಿ ದಿನಸಿ ಅಂಗಡಿ ಇಟ್ಟವರು. ತಂಗಿ ಹೊಸ ಪಂಥಕ್ಕೆ ಸೇರಿದ ಮೇಲೆ ಅವಳ ಜೊತೆ ಮಾತು ಬಿಟ್ಟವರು. ಅವರ ಹಿಂದೆ ಭೋಜರಾಜ ಮತ್ತು ನಾಲ್ಕು ಜನ. ಒಬ್ಬನ ಕೈಯಲ್ಲಿ ಸೈಕಲ್ ಚೈನು ಸುತ್ತಿತ್ತು.

ರಾಜೀವರ ದನಿ ಒಡೆದಿತ್ತು. "ಚರಣ, ನೀ ಸಣ್ಣ ಮಗು ಇಪ್ಪೊತ್ತಿಗೆ ನನ್ ಹೆಗ್ಲ್ ಮೇಲೆ ಕೂಕಂಡ್ ಕಡ್ಲ್ ಕಂಡವ. ನಿನ್ನ್ ಬೈಯುಕ್ ಬಂದದ್ದಲ್ಲ. ಕಾರ್ ಹತ್ತ್. ಅತ್ತೆ ಅಡ್ಗಿ ಮಾಡಿ ಕಾಯ್ತಾ ಇತ್ತ್."

"ನಿಂಗ್ ನಾವ್ ಎಂತದೂ ಮಾಡುದಿಲ್ಲೆ" ಎಂದ ಭೋಜರಾಜ. "ನೀ ನಮ್ಮ್ ಊರ್ ಹೈದ. ಮಾವನ್ ಕಾರಂಗೆ ಕೂಕೊ. ಇವ್ನ್ ಹತ್ರ ನಾವ್ ಒಂಚೂರ್ ಮಾತಾಡಿ ಬಸ್ ಹತ್ಸ್ತ್."

"ಒಬ್ಬನ್ ಹತ್ರ ಮಾತಾಡುಕ್ ಐದ್ ಜನ ಎಂತಕೆ?" ತುಂಗಕ್ಕ ಜಗಲಿಯಿಂದ ಇಳಿದಳು. "ಒಬ್ರಿಗ್ ಒಂದೊಂದ್ ಅಕ್ಷರ್ವಾ?"

"ನೀವ್ ಒಳ್ಗ್ ಹೋಯ್ನಿ ತುಂಗಕ್ಕ."

ಅವಳು ಹೋಗಲಿಲ್ಲ. ಆದರೆ ಅವಳಿಗೆ ಗೊತ್ತಿತ್ತು, ಅರವತ್ತು ದಾಟಿದ ತನ್ನ ಮೈ ಐದು ಜನರನ್ನು ತಡೆಯುವುದಿಲ್ಲ. ಚರಣ್ ಕಾರು ಹತ್ತಿದರೆ ಲೆಪ್ಚನಿಗೆ ಏನಾಗುತ್ತದೆ ಎಂಬುದು ಅಂಗಳದಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ರಾಜೀವರಿಗೂ ಗೊತ್ತಿತ್ತು. ಅದಕ್ಕೇ ಅವರು ನೆಲ ನೋಡುತ್ತಿದ್ದರು.

ಲೆಪ್ಚನಿಗೆ ಮಾತು ಪೂರ್ತಿ ಹಿಡಿಯಲಿಲ್ಲವಾದರೂ ಚೈನು ಕಾಣುತ್ತಿತ್ತು. ಅವನು ಚರಣನ ಮೊಣಕೈ ಮುಟ್ಟಿ ಹಿಂದಿಯಲ್ಲಿ ಹೇಳಿದ: "ನೀನು ಹೋಗು. ಅವರು ನಿನ್ನ ಮಾವ. ನಾನು ನೋಡಿಕೊಳ್ಳುತ್ತೇನೆ." ಒಂದು ದಿನವೂ ಒಂದು ನಿಯಮವನ್ನೂ ಮುರಿಯದ ಹುಡುಗ ಅವನು.

ಚರಣ್ ಮೆಲ್ಲಗೆ ಕಾರಿನ ಕಡೆ ನಡೆದ. ರಾಜೀವರು ಉಸಿರು ಬಿಟ್ಟು ಹಿಂದಿನ ಬಾಗಿಲು ತೆರೆದರು. ಒಳಗೆ ಸೀಟಿನ ಮೇಲೆ ಅತ್ತೆ ಕಳಿಸಿದ ಸ್ವೆಟರ್ ಮಡಚಿಟ್ಟಿತ್ತು. ಚರಣ್ ಅದನ್ನು ನೋಡಿದ. ಹಿಂದಿನಿಂದ ಯಾರೋ ಲೆಪ್ಚನ ಕಡೆ ಎರಡು ಹೆಜ್ಜೆ ಇಟ್ಟದ್ದು ಅವನಿಗೆ ಕೇಳಿಸಿತು.

ಅವನು ಕಾರಿನ ಬಾಗಿಲನ್ನು ಸದ್ದಾಗದಂತೆ ಮುಚ್ಚಿದ. ಬಂದ ದಾರಿಯಲ್ಲೇ ತಿರುಗಿ ನಡೆದು, ಆ ಎರಡು ಹೆಜ್ಜೆ ಇಟ್ಟವನ ಮತ್ತು ಲೆಪ್ಚನ ನಡುವೆ ಹಾದು, ಲೆಪ್ಚನ ಭುಜಕ್ಕೆ ಭುಜ ತಾಗಿಸಿ ನಿಂತ.

"ಇಲ್ಲೆ ಮಾವ. ಮಾತ್ ಎಂತ ಇದ್ರೂ ಇಬ್ರ್ ಹತ್ರವೂ ಆಡ್ಲಿ."

"ಚರಣ, ನಿಂಗ್ ಗೊತ್ತಾತಿಲ್ಲೆ. ಹತ್ತ್ ಮಗಾ."

"ಗೊತ್ತಾತ್ ಮಾವ. ಗೊತ್ತಾದದ್ದಕ್ಕೇ."

ಭೋಜರಾಜ ಮುಂದೆ ಬಂದ. ಅವನ ಉಸಿರಿನ ಎಲೆಯಡಿಕೆ ವಾಸನೆ ಇಬ್ಬರ ಮುಖಕ್ಕೂ ಹೊಡೆಯಿತು.

"ಕಾರ್ ಹತ್ತ್ ಅಂದೆ."

"ಹತ್ತುದಿಲ್ಲೆ" ಎಂದ ಚರಣ್.